ಬ್ಯಾಟರಿ ಕಾರಿಗೆ ಸಣ್ಣ ಜನರೇಟರ್ ಜೋಡಿಸುವ ಬಗೆ

ಹೈಡ್ರೋಜನ್ ಕಾರು ರಸ್ತೆಗೇನೋ ಬಂದಿದೆ. ಆದರೆ 700 ಬಾರ್ ಒತ್ತಡದ ಟ್ಯಾಂಕು, ಅದನ್ನು ತುಂಬಿಸುವ ಬಂಕು ಎರಡೂ ಸ್ವಂತ ಶೆಡ್ಡಿನಲ್ಲಿ ಆಗುವ ಮಾತಲ್ಲ. ಹಾಗಾಗಿ ಎಲೆಕ್ಟ್ರಿಕ್‌ಗೆ ಬದಲಿಸಿದ ಕಾರನ್ನು ಇನ್ನಷ್ಟು ದೂರ ಓಡಿಸಲು ನಾನು ನೆಚ್ಚಿರುವುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪ್ಯಾಕ್, ಜೊತೆಗೆ ಓಡುತ್ತಿರುವಾಗಲೇ ಅದನ್ನು ಚಾರ್ಜ್ ಮಾಡುವ ಒಂದು ಸಣ್ಣ ಪೆಟ್ರೋಲ್ ಜನರೇಟರ್. ಬಿಎಂಡಬ್ಲ್ಯು ಐ3 ಕಾರಿನ 647 ಸಿಸಿ ಎಂಜಿನ್ ಮಾಡುತ್ತಿದ್ದುದೂ ಇದನ್ನೇ.

ಕಾರಿನ ಛಾವಣಿಯ ಮೇಲಿನ ಸೋಲಾರ್‌ನಿಂದ ಹೆಚ್ಚು ನಿರೀಕ್ಷಿಸಬೇಡಿ. ಒಂದು ಚದರ ಮೀಟರ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಸುಮಾರು 200 ವಾಟ್ ಕೊಡುತ್ತದೆ; ಇಡೀ ದಿನದ ಗಳಿಕೆ ಏಳೆಂಟು ಕಿ.ಮೀ. ಓಟಕ್ಕೆ ಸಾಕು, ಅಷ್ಟೇ. ಇನ್ನೊಂದು ದಾರಿ ಅಲ್ಯೂಮಿನಿಯಂ-ಏರ್ ಬ್ಯಾಟರಿ; ಆದರೆ ಅದನ್ನು ರೀಚಾರ್ಜ್ ಮಾಡಲಾಗದು, ಪ್ಲೇಟುಗಳನ್ನೇ ಬದಲಿಸಬೇಕು.

ಲೆಕ್ಕ ಹೀಗೆ. 100 ಆಂಪಿಯರ್-ಅವರ್‌ನ 45 ಸೆಲ್‌ಗಳನ್ನು ಸೀರೀಸ್‌ನಲ್ಲಿ ಕಟ್ಟಿದರೆ 144 ವೋಲ್ಟ್, 14.4 ಯೂನಿಟ್. ಬಳಸುವುದು ಅದರಲ್ಲಿ ಶೇ. 80, ಅಂದರೆ 11.5 ಯೂನಿಟ್. ಸಣ್ಣ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಿಲೋಮೀಟರಿಗೆ 120 ವಾಟ್-ಅವರ್ ಎಳೆಯುತ್ತದೆ ಎಂದುಕೊಂಡರೆ ಬೇಕಾದ್ದು 7.2 ಕಿಲೋವಾಟ್, ಓಟ 95 ಕಿ.ಮೀ. ಹೊರಟಾಗಿನಿಂದಲೇ ಜನರೇಟರಿನಿಂದ ಪ್ಯಾಕಿಗೆ 2.5 ಕಿಲೋವಾಟ್ ಸತತವಾಗಿ ಸೇರುತ್ತಿದ್ದರೆ ಬ್ಯಾಟರಿಯಿಂದ ಹೋಗುವುದು 4.7 ಮಾತ್ರ, ಓಟ 145 ಕಿ.ಮೀ. ದಾಟುತ್ತದೆ. ಏರಿನಲ್ಲಿ, ಓವರ್‌ಟೇಕಿನಲ್ಲಿ ಬೇಕಾಗುವ ಹೆಚ್ಚಿನ ಶಕ್ತಿಯನ್ನು ಬ್ಯಾಟರಿಯೇ ಕೊಡುವುದರಿಂದ ದೊಡ್ಡ ಜನರೇಟರ್ ಹೊರುವ ಅಗತ್ಯವಿಲ್ಲ. ತಡವೆಂದರೂ ಚಾರ್ಜ್ ಶೇ. 70ಕ್ಕೆ ಇಳಿಯುವುದರೊಳಗೆ ಅದನ್ನು ಶುರು ಮಾಡಿ. ಶೇ. 20ಕ್ಕೆ ಇಳಿದ ಮೇಲೆ ಶುರು ಮಾಡಿದರೆ ಈ ಲಾಭ ಸಿಗುವುದಿಲ್ಲ.

ಹೆಚ್ಚಿನವರು ಎಡವುವುದು ಜನರೇಟರಿನ ಕರೆಂಟನ್ನು ಪ್ಯಾಕಿಗೆ ತುಂಬುವ ಚಾರ್ಜರಿನ ಆಯ್ಕೆಯಲ್ಲಿ. ಪವರ್ ಫ್ಯಾಕ್ಟರ್ ಎಂದರೆ ಜನರೇಟರಿನ ಕೆವಿಎ ಸಾಮರ್ಥ್ಯದಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು; ಅದನ್ನು ಸರಿಪಡಿಸುವ ಸರ್ಕ್ಯೂಟ್ (ಪವರ್ ಫ್ಯಾಕ್ಟರ್ ಕರೆಕ್ಷನ್) ಇಲ್ಲದ ಅಗ್ಗದ ಚಾರ್ಜರ್ ವೋಲ್ಟೇಜ್ ಅಲೆಯ ತುದಿಯಲ್ಲಷ್ಟೇ ಕರೆಂಟ್ ಎಳೆಯುತ್ತದೆ. ಪವರ್ ಫ್ಯಾಕ್ಟರ್ 0.65 ಆದರೆ 3 ಕೆವಿಎ ಜನರೇಟರಿನಿಂದ ದಕ್ಕುವುದು 2 ಕಿಲೋವಾಟಿಗಿಂತ ಕಡಿಮೆ. ಅದಕ್ಕಿಂತ ಹೆಚ್ಚು ಕೇಳಿದರೆ ಟ್ರಿಪ್ ಆಗುತ್ತದೆ. ಇನ್ನು ಕಾರ್ ಚಾರ್ಜಿಂಗ್ ಬಾಕ್ಸ್ ಬಳಸುವವರಿಗೆ ‘ಅರ್ಥ್ ಇಲ್ಲ’ ಎಂಬ ದೋಷ ಕಾಣಿಸಬಹುದು. ಪೋರ್ಟಬಲ್ ಜನರೇಟರಿನ ನ್ಯೂಟ್ರಲ್ ಸಾಮಾನ್ಯವಾಗಿ ಯಾವುದಕ್ಕೂ ಜೋಡಣೆಯಾಗಿರುವುದಿಲ್ಲ. ನ್ಯೂಟ್ರಲ್ ಮತ್ತು ಅರ್ಥ್ ಅನ್ನು ಜನರೇಟರ್ ಬಳಿ ಒಂದೇ ಕಡೆ, ಎಲೆಕ್ಟ್ರಿಷಿಯನ್ ಕೈಯಲ್ಲಿ ಕೂಡಿಸಿದರೆ ಸರಿಹೋಗುತ್ತದೆ. ಇದೇ ಜನರೇಟರನ್ನು ಮನೆಯ ವೈರಿಂಗಿಗೆ ಜೋಡಿಸುವ ಮೊದಲು ಆ ಕೊಂಡಿ ಬಿಚ್ಚಲೇಬೇಕು.

ಚಾರ್ಜರನ್ನು ಸೆಲ್ಲಿಗೆ 3.65 ವೋಲ್ಟಿನ ಬದಲು 3.55ಕ್ಕೆ, ಅಂದರೆ ಪ್ಯಾಕಿಗೆ 160 ವೋಲ್ಟಿಗೆ ನಿಲ್ಲಿಸುತ್ತೇನೆ. ತುಂಬಿದ ಪ್ಯಾಕ್ ಇಟ್ಟುಕೊಂಡು ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ರೀಜನರೇಶನ್ ಕರೆಂಟ್ (ಬ್ರೇಕ್ ಹಾಕುವಾಗ ಮೋಟಾರೇ ಉತ್ಪಾದಿಸುವ ಕರೆಂಟ್) ಒಳನುಗ್ಗಿ, ಪ್ಯಾಕನ್ನು ಕಾಯುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್ಮೆಂಟ್ ಸಿಸ್ಟಂ) ಕಾಂಟ್ಯಾಕ್ಟರ್ ಎಂಬ ಮುಖ್ಯ ಸ್ವಿಚ್ಚನ್ನು ತಟ್ಟನೆ ಕಡಿಯುತ್ತದೆ. ಆ ಕ್ಷಣದ ವೋಲ್ಟೇಜ್ ಏರಿಕೆಗೆ ಮೋಟಾರ್ ಕಂಟ್ರೋಲರ್ ಸುಟ್ಟುಹೋಗಬಹುದು. ಹಾಗಾಗಿ ಕಡಿಯುವ ಮೊದಲು ರೀಜನರೇಶನ್ ತಗ್ಗಿಸುವಂತೆ ಬಿಎಂಎಸ್‌ನಿಂದ ಕಂಟ್ರೋಲರಿಗೊಂದು ಸಿಗ್ನಲ್ ವೈರ್ ಎಳೆಯಿರಿ. ಸೆಲ್ಲಿನ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೆ ಚಾರ್ಜ್ ಮಾಡಲೇಬೇಡಿ: ಲಿಥಿಯಂ ಲೋಹವಾಗಿ ಆನೋಡಿನ (ಸೆಲ್ಲಿನ ಋಣ ಧ್ರುವದ) ಮೇಲೆ ಕೂರುತ್ತದೆ, ಸೆಲ್ ಶಾಶ್ವತವಾಗಿ ಕೆಡುತ್ತದೆ.

ಜನರೇಟರಿನ ಜಾಗ ಡಿಕ್ಕಿಯಲ್ಲ. ಅದರ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಕೊಲ್ಲುವವರೆಗೂ ಗೊತ್ತಾಗುವುದಿಲ್ಲ. ಹಿಂದೆ ಟ್ರೇಲರಿನ ಮೇಲಿಟ್ಟು, ಕಾರಿನೊಳಗೆ ಈ ಅನಿಲ ಪತ್ತೆಹಚ್ಚುವ ಅಲಾರಂ ಹಾಕಿ.

ಬಸ್‌ಬಾರ್ (ಸೆಲ್ಲಿಗೆ ಸೆಲ್ ಜೋಡಿಸುವ ಲೋಹದ ಪಟ್ಟಿ) ಕೂರಿಸುವ ಮುಂಚೆ ಸೆಲ್ಲಿನ ಅಲ್ಯೂಮಿನಿಯಂ ಟರ್ಮಿನಲ್ಲಿನ ಆಕ್ಸೈಡ್ ಪೊರೆಯನ್ನು ಉಜ್ಜಿ ತೆಗೆಯಿರಿ. ಚಾರ್ಜ್ ಆಗುವಾಗ ಸುಮಾರು 16 ಆಂಪಿಯರ್ ಹರಿಯುತ್ತಿರುತ್ತದೆ. ಆಗ ಇನ್ಸುಲೇಟೆಡ್ ಗ್ಲೌಸ್ ತೊಟ್ಟು, ಟರ್ಮಿನಲ್‌ಗೂ ಬಸ್‌ಬಾರ್‌ಗೂ ನಡುವೆ ಮಲ್ಟಿಮೀಟರಿನ ಮಿಲಿವೋಲ್ಟ್ ಸ್ಕೇಲಿನಲ್ಲಿ ಅಳೆಯಿರಿ. ಉಳಿದವಕ್ಕಿಂತ ದುಪ್ಪಟ್ಟು ತೋರಿಸುವ, ಅಂದರೆ ಸರಿಯಾಗಿ ಕೂರದ ಜೋಡಣೆ ಸಿಕ್ಕರೆ ಚಾರ್ಜರ್ ಆರಿಸಿ, ಬಿಚ್ಚಿ, ಮತ್ತೆ ಉಜ್ಜಿ, ಸೆಲ್ ತಯಾರಕರು ಹೇಳಿದ ಟಾರ್ಕಿಗೆ ಬಿಗಿಯಿರಿ.