ಎರಡು ಊರಿನ ಒಂದು ಮುಖ: ಬಣ್ಣದ ಪೆನ್ಸಿಲಿನಲ್ಲಿ ಸ್ವ-ಭಾವಚಿತ್ರ ಬರೆಯುವ ಬಗೆ

ಎರಡು ಸಂಸ್ಕೃತಿಗಳ ನಡುವೆ ಬೆಳೆದವರಿಗೆ ತಮ್ಮದೇ ಭಾವಚಿತ್ರ ಬರೆಯಿರಿ ಎಂದರೆ, ಬಹುತೇಕರು ಮುಖದ ನಡುವೆ ಮೇಲಿಂದ ಕೆಳಕ್ಕೊಂದು ಗೆರೆ ಎಳೆದು ಎಡಭಾಗಕ್ಕೆ ಒಂದು ಉಡುಗೆ, ಬಲಭಾಗಕ್ಕೆ ಇನ್ನೊಂದು ಉಡುಗೆ ತೊಡಿಸಿಬಿಡುತ್ತಾರೆ. ನೋಡಿದೊಡನೆ ಅರ್ಥವಾಗುವ ಈ ಉಪಾಯದ ತೊಂದರೆಯೆಂದರೆ, ಅರ್ಥವಾದ ಮೇಲೆ ಅದರಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಅದು ನಿಜವೂ ಅಲ್ಲ. ತಾಯಿಯ ಭಾಷೆಯಲ್ಲಿ ಲೆಕ್ಕ ಹಾಕುತ್ತ ತಂದೆಯ ಊರಿನ ರೊಟ್ಟಿ ತಿನ್ನುವವರು ಮೂಗಿನ ನೇರಕ್ಕೆ ಇಬ್ಭಾಗವಾಗಿರುವುದಿಲ್ಲ. ಬಣ್ಣದ ಪೆನ್ಸಿಲಾದರೋ ಪದರದ ಮೇಲೆ ಪದರ ಕೂರಿಸುವ ಮಾಧ್ಯಮ. ಕೆಳಗೆ ಹಚ್ಚಿದ ಬಣ್ಣ ಮೇಲಿನದರ ಮೂಲಕ ಕಾಣುತ್ತಲೇ ಇರುತ್ತದೆ. ಎರಡು ನೆಲೆಗಳನ್ನು ಅಕ್ಕಪಕ್ಕ ನಿಲ್ಲಿಸದೆ ಒಂದರೊಳಗೊಂದು ಇಡಬೇಕೆನ್ನುವವರಿಗೆ ಅದರ ಈ ಗುಣವೇ ದೊಡ್ಡ ಅನುಕೂಲ.

ನನ್ನ ತಾಯಿಯ ಮನೆ ಕೊಡಗಿನಲ್ಲಿ, ತಂದೆಯ ಊರು ಇಳಕಲ್ಲಿನ ಬಳಿ. ಹಾಗಾಗಿ ಇಲ್ಲಿನ ಉದಾಹರಣೆಗಳೆಲ್ಲ ಆ ಎರಡು ಕಡೆಯವು. ನಿಮ್ಮವು ಬೇರೆಯಾಗಿದ್ದರೆ ಬಟ್ಟೆ, ಒಡವೆಗಳ ಹೆಸರನ್ನಷ್ಟೇ ಬದಲಿಸಿಕೊಂಡರೆ ಸಾಕು. ಕೆಲಸದ ಕ್ರಮ ಬದಲಾಗುವುದಿಲ್ಲ.

ಮೊದಲು ಯೋಚನೆ

ಪೆನ್ಸಿಲು ಹಿಡಿಯುವ ಮುಂಚೆ ಈ ಹಾದಿಯಲ್ಲಿ ನಡೆದ ಇಬ್ಬರ ಚಿತ್ರಗಳನ್ನು ಸಾವಧಾನವಾಗಿ ನೋಡಿ. ಫ್ರೀಡಾ ಕಾಹ್ಲೊ ಅವರ ತಂದೆ ಜರ್ಮನಿಯಲ್ಲಿ ಹುಟ್ಟಿ ಮೆಕ್ಸಿಕೊಗೆ ಬಂದು ನೆಲೆಸಿದ ಛಾಯಾಗ್ರಾಹಕರು; ತಾಯಿ ಮೆಕ್ಸಿಕೊದವರು. 1939ರಲ್ಲಿ ಆಕೆ ಬರೆದ ‘ಇಬ್ಬರು ಫ್ರೀಡಾಗಳು’ ಚಿತ್ರದಲ್ಲಿ ಒಬ್ಬಳು ಯುರೋಪಿನ ಬಿಳಿ ಉಡುಪಿನಲ್ಲಿ, ಇನ್ನೊಬ್ಬಳು ಮೆಕ್ಸಿಕೊದ ತೆವಾನಾ ಉಡುಪಿನಲ್ಲಿ ಕೈಕೈ ಹಿಡಿದು ಕೂತಿದ್ದಾರೆ, ಇಬ್ಬರ ಹೃದಯವನ್ನೂ ಒಂದೇ ರಕ್ತನಾಳ ಕೂಡಿಸಿದೆ. ಇಲ್ಲಿ ಇಬ್ಬರಿದ್ದಾರೆ, ಆದರೆ ಇಬ್ಬರೂ ಪೂರ್ಣವಾಗಿದ್ದಾರೆ. ಯಾರ ಮುಖವೂ ಸೀಳಿಲ್ಲ. 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಪಂಜಾಬಿ ತಂದೆ ಮತ್ತು ಹಂಗೇರಿಯ ತಾಯಿಗೆ ಹುಟ್ಟಿದ ಅಮೃತಾ ಶೇರ್‌ಗಿಲ್ ಇನ್ನೂ ವಿಚಿತ್ರವಾದ ದಾರಿ ಹಿಡಿದರು. 1934ರ ಸ್ವ-ಭಾವಚಿತ್ರವೊಂದರಲ್ಲಿ ಅವರು ಪಂಜಾಬಿಯೂ ಅಲ್ಲ, ಹಂಗೇರಿಯವರೂ ಅಲ್ಲ. ಫ್ರೆಂಚ್ ಕಲಾವಿದ ಗೋಗ್ಯಾನ್ ಚಿತ್ರಗಳಲ್ಲಿ ಕಾಣುವಂಥ ತಹೀತಿ ದ್ವೀಪದ ಹೆಣ್ಣಾಗಿ ನಿಂತಿದ್ದಾರೆ, ಹಿಂದೆ ಒಂದು ಗಂಡಸಿನ ನೆರಳು ಬಿದ್ದಿದೆ. ಯುರೋಪಿನ ಕಣ್ಣು ತನ್ನನ್ನು ಯಾವ ಗುಂಪಿಗೆ ಸೇರಿಸುತ್ತದೋ ಆ ಗುಂಪಿನ ವೇಷವನ್ನೇ ತೊಟ್ಟು ತಿರುಗಿ ನಿಂತಂತೆ ನನಗದು ಕಾಣುತ್ತದೆ.

ಇವರನ್ನು ಅನುಕರಿಸಬೇಕಾಗಿಲ್ಲ. ನಿಮ್ಮ ಎರಡು ನೆಲೆಗಳು ದಿನನಿತ್ಯ ಎಲ್ಲಿ ಕೂಡುತ್ತವೆ ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ: ಬಟ್ಟೆ ಉಡುವ ಕ್ರಮದಲ್ಲೋ, ಕೂದಲು ಬಾಚುವ ರೀತಿಯಲ್ಲೋ, ಕೊರಳಿನ ಸರದಲ್ಲೋ? ನ್ಯೂಜೆರ್ಸಿಯಲ್ಲಿ ಬೆಳೆದ ಕನ್ನಡದ ಹುಡುಗನಿಗೆ ಅದು ಹೂಡಿಯ ಕುತ್ತಿಗೆಯಿಂದ ಇಣುಕುವ ಅಜ್ಜಿಯ ಚಿನ್ನದ ಸರವಿರಬಹುದು. ನನ್ನ ಮಟ್ಟಿಗೆ ಅದು ಇಳಕಲ್ ಸೀರೆಯನ್ನು ಕೊಡವರ ಕ್ರಮದಲ್ಲಿ ಉಡುವುದು: ಬಟ್ಟೆ ತಂದೆಯ ಕಡೆಯದು, ಉಡುವ ರೀತಿ ತಾಯಿಯ ಕಡೆಯದು. ಹೀಗೆ ಎರಡನ್ನೂ ಹೊತ್ತಿರುವ ಒಂದು ವಸ್ತು ಸಿಕ್ಕಿದರೆ ಚಿತ್ರದ ಅರ್ಧ ಕೆಲಸ ಮುಗಿದಂತೆ.

ಕನ್ನಡಿಯೋ, ಫೋಟೊವೋ

ಕನ್ನಡಿ ನೋಡಿ ಬರೆಯುವುದಕ್ಕೆ ಬಹಳ ಹಳೆಯ ಚರಿತ್ರೆಯಿದೆ. ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1484ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಬೆಳ್ಳಿಯ ಮೊನೆಯಿಂದ ತನ್ನ ಮುಖ ಬರೆದು, ಕನ್ನಡಿ ನೋಡಿ ಬರೆದದ್ದೆಂದು ಅದರ ಮೇಲೆಯೇ ನಮೂದಿಸಿದ್ದಾನೆ. (ಅವನ ತಂದೆಯೂ ಹಂಗೇರಿಯಿಂದ ನ್ಯೂರೆಂಬರ್ಗಿಗೆ ವಲಸೆ ಬಂದ ಅಕ್ಕಸಾಲಿ.) ಆದರೆ ನಮ್ಮ ವಿಷಯಕ್ಕೆ ಕನ್ನಡಿಯಲ್ಲಿ ಒಂದು ಅಪಾಯವಿದೆ. ಕೊಡವ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಹಾಕಿ, ಸೆರಗನ್ನು ಎಡಗೈಯ ಕಂಕುಳ ಕೆಳಗಿನಿಂದ ಎದೆಯ ಮೇಲೆ ತಂದು ಬಲಭುಜದ ಮೇಲೆ ಸಿಕ್ಕಿಸುತ್ತಾರೆ. ಕನ್ನಡಿಯಲ್ಲಿ ಕಂಡದ್ದನ್ನು ಹಾಗೆಯೇ ಕಾಗದಕ್ಕಿಳಿಸಿದರೆ ಸೆರಗು ಎಡಭುಜಕ್ಕೆ ಬಂದು ಕೂರುತ್ತದೆ, ಅಂದರೆ ಯಾವುದನ್ನು ತೋರಿಸಬೇಕೆಂದಿದ್ದೆವೋ ಅದೇ ಅಳಿಸಿಹೋಗುತ್ತದೆ. ಮೂಗುತಿ, ಬೈತಲೆ, ಅಂಗಿಯ ಗುಂಡಿ ಎಲ್ಲಕ್ಕೂ ಇದೇ ಪಾಡು. ಮೊಬೈಲಿನ ಮುಂದಿನ ಕ್ಯಾಮೆರಾ ಕೂಡ ಕೆಲವೊಮ್ಮೆ ಚಿತ್ರವನ್ನು ತಿರುಗಿಸಿ ಉಳಿಸುತ್ತದೆ. ಆದ್ದರಿಂದ ಹಿಂದಿನ ಕ್ಯಾಮೆರಾದಲ್ಲಿ ಬೇರೆಯವರಿಂದ ಫೋಟೊ ತೆಗೆಸಿಕೊಳ್ಳಿ. ಅಂಗಿಯ ಮೇಲೊಂದು ಅಕ್ಷರವಿದ್ದರೆ ಅದು ನೆಟ್ಟಗೆ ಓದಲು ಬರುತ್ತದೆಯೇ ಎಂದು ನೋಡಿ. ಕನ್ನಡಿಯನ್ನು ಪಕ್ಕದಲ್ಲಿಟ್ಟುಕೊಂಡು ಬಣ್ಣಕ್ಕಾಗಿ ಮಾತ್ರ ನೋಡಿಕೊಳ್ಳಿ, ಏಕೆಂದರೆ ಫೋಟೊದಲ್ಲಿ ನೆರಳಿನ ಬಣ್ಣಗಳು ಕಪ್ಪಾಗಿ ಸತ್ತುಹೋಗಿರುತ್ತವೆ.

ಬೆಳಕು ಒಂದೇ ಕಡೆಯಿಂದ, ಕಿಟಕಿಯಿಂದ ಬರಲಿ. ಫ್ಲ್ಯಾಶ್ ಬೇಡವೇ ಬೇಡ.

ಕಾಗದ, ಪೆನ್ಸಿಲು

ನಯವಾದ ಆದರೆ ಸ್ವಲ್ಪ ತರಿಯಿರುವ ದಪ್ಪ ಕಾಗದ ಬೇಕು. 300 ಜಿಎಸ್‌ಎಂ ತೂಕದ ಹಾಟ್ ಪ್ರೆಸ್ ಜಲವರ್ಣ ಕಾಗದ ಉತ್ತಮ. ತೀರಾ ನುಣುಪಾದ ಕಾಗದ ಕೆಲವೇ ಪದರಗಳ ನಂತರ ಬಣ್ಣ ಹಿಡಿಯುವುದನ್ನು ನಿಲ್ಲಿಸುತ್ತದೆ. ಪೆನ್ಸಿಲುಗಳಲ್ಲಿ ಮೇಣದ ಅಂಟಿನವು, ಎಣ್ಣೆಯ ಅಂಟಿನವು ಎಂದು ಎರಡು ಬಗೆ. ಪ್ರಿಸ್ಮಾಕಲರ್ ಪ್ರೀಮಿಯರ್ ಮೇಣದ್ದು. ಮೆತ್ತಗಿದ್ದು ಬೇಗ ಹರಡುತ್ತದೆ, ಆದರೆ ದಟ್ಟವಾಗಿ ಹಚ್ಚಿದಲ್ಲಿ ಕೆಲವು ದಿನಗಳ ಮೇಲೆ ಬಿಳಿ ಮಸುಕು ಏಳಬಹುದು. ಫೇಬರ್ ಕ್ಯಾಸ್ಟೆಲ್‌ನ ಪಾಲಿಕ್ರೋಮೋಸ್ ಎಣ್ಣೆಯದು. ಗಟ್ಟಿ, ಮೊನೆ ಬಹಳ ಹೊತ್ತು ನಿಲ್ಲುತ್ತದೆ. ಇಡೀ ಪೆಟ್ಟಿಗೆ ಕೊಳ್ಳುವ ಅಗತ್ಯವಿಲ್ಲ. ಹಳದಿ ಕಾವಿ, ಕೆಂಗಾವಿ, ಗಾಢ ಕಂದು, ಇಂಡಿಗೊ, ನೇರಳೆ, ಕಡುಗೆಂಪು, ಆಲಿವ್ ಹಸಿರು, ತಿಳಿನೀಲಿ, ಕೆನೆಬಣ್ಣ, ಬಿಳಿ, ಇಷ್ಟಿದ್ದರೆ ಕಂದು ಮೈಬಣ್ಣದ ಮುಖವೊಂದನ್ನು ಪೂರ್ತಿ ಕಟ್ಟಬಹುದು. ಪಾಲಿಕ್ರೋಮೋಸ್‌ನಂಥವನ್ನು ಬಿಡಿಯಾಗಿ ಕೊಳ್ಳುವಾಗ ಪೆನ್ಸಿಲಿನ ಮೇಲೆ ಅಚ್ಚಾಗಿರುವ ನಕ್ಷತ್ರಗಳನ್ನು ಗಮನಿಸಿ. ಅವು ಬೆಳಕಿಗೆ ಬಣ್ಣ ಎಷ್ಟು ತಾಳುತ್ತದೆ ಎಂಬುದರ ಗುರುತು. ಗುಲಾಬಿ ಮತ್ತು ನೇರಳೆಗಳು ಮಾಸುವುದರಲ್ಲಿ ಮುಂದು.

ಗೆರೆಯ ಚಿತ್ರ

ಎ4 ಹಾಳೆಯಲ್ಲಿ ನೆತ್ತಿಯಿಂದ ಗಲ್ಲಕ್ಕೆ 14 ಸೆಂ.ಮೀ. ಇಟ್ಟುಕೊಳ್ಳಿ. ಆಗ ತಲೆಯ ಅಗಲ ಸುಮಾರು 10 ಸೆಂ.ಮೀ. ಆಗುತ್ತದೆ, ಅದರ ಐದನೆಯ ಒಂದು ಪಾಲು ಒಂದು ಕಣ್ಣಿನ ಅಗಲ, ಅಂದರೆ 2 ಸೆಂ.ಮೀ. ಇದಕ್ಕಿಂತ ಚಿಕ್ಕದಾದರೆ ರೆಪ್ಪೆಯ ಅಂಚನ್ನು ಬಣ್ಣದ ಪೆನ್ಸಿಲಿನ ಮೊನೆಯಿಂದ ಬಿಡಿಸಲಾಗದು. ಕಣ್ಣುಗಳು ತಲೆಯ ಎತ್ತರದ ನಡುಮಧ್ಯದಲ್ಲಿರುತ್ತವೆ. ಹಣೆಯನ್ನು ಕಿರಿದು ಮಾಡಿ ಕಣ್ಣನ್ನು ಮೇಲಕ್ಕೇರಿಸುವುದು ಕಲಿಯುವವರೆಲ್ಲರ ಅಭ್ಯಾಸ. ಫೋಟೊವನ್ನು ಅದೇ ಅಳತೆಗೆ ಮುದ್ರಿಸಿ, ಎರಡರ ಮೇಲೂ ಚೌಕಗಳನ್ನು ಹಾಕಿಕೊಂಡು ಇಳಿಸುವುದರಲ್ಲಿ ನಾಚಿಕೆಯೇನಿಲ್ಲ.

ಗೆರೆಗಳನ್ನು ಎಚ್‌ಬಿ ಪೆನ್ಸಿಲಿನಲ್ಲಿ ಹಗುರವಾಗಿ ಎಳೆಯಿರಿ. ಗಟ್ಟಿ ಪೆನ್ಸಿಲು ಕಾಗದದಲ್ಲಿ ಗೀರು ಬಿಡುತ್ತದೆ. ಬಣ್ಣ ಹಚ್ಚುವ ಮೊದಲು ಮೆತ್ತನೆಯ ನೀಡೆಡ್ ರಬ್ಬರಿನಿಂದ ಒತ್ತಿ ಒತ್ತಿ ಸೀಸವನ್ನು ತೆಗೆದು, ಗೆರೆ ಕಂಡೂ ಕಾಣದಷ್ಟು ಉಳಿಸಿ. ಬಣ್ಣದಡಿ ಸಿಕ್ಕಿಕೊಂಡ ಸೀಸ ಮತ್ತೆ ಹೊರಬರುವುದಿಲ್ಲ, ಕೆನ್ನೆಯನ್ನು ಕೊಳಕು ಮಾಡುತ್ತದೆ.

ಸೀರೆಯ ಬಿಳಿಯನ್ನು ಉಳಿಸಿಕೊಳ್ಳುವುದು

ಮುಖಕ್ಕೆ ಮೊದಲು ಸೆರಗಿನ ಕಡೆ ಬನ್ನಿ, ಏಕೆಂದರೆ ಇಲ್ಲಿನ ಒಂದು ಕೆಲಸವನ್ನು ಬಣ್ಣ ಹಚ್ಚುವ ಮುಂಚೆಯೇ ಮಾಡಬೇಕು. ಇಳಕಲ್ಲಿನ ತೋಪು ತೆನಿ ಸೆರಗು ಕೆಂಪು. ಅದರ ಮೇಲೆ ಬಾಚಣಿಗೆಯ ಹಲ್ಲು, ಕೋಟೆಯ ಗೋಡೆ, ಜೋಳದ ತೆನೆಗಳನ್ನು ಹೋಲುವ ಬಿಳಿ ವಿನ್ಯಾಸಗಳು ಸಾಲಾಗಿ ಬರುತ್ತವೆ. ಎಲ್ಲರಂತೆ ಉಟ್ಟರೆ ಈ ಸೆರಗು ಬೆನ್ನ ಹಿಂದೆ ಇಳಿದುಬಿಡುತ್ತದೆ, ಎದೆಯವರೆಗಿನ ಚಿತ್ರಕ್ಕೆ ಸಿಗುವುದೇ ಇಲ್ಲ. ಕೊಡವ ಕ್ರಮದಲ್ಲಾದರೆ ಅದು ಎದೆಯ ಮುಂದೆ ಅಡ್ಡಲಾಗಿ ಹಾಯುವುದರಿಂದ ಮುಖದ ಕೆಳಗೆ ಕೆಂಪಿನ ಅಗಲವಾದ ಪಟ್ಟಿಯೇ ದೊರೆಯುತ್ತದೆ.

ಬಣ್ಣದ ಪೆನ್ಸಿಲಿನಲ್ಲಿ ಕೆಂಪಿನ ಮೇಲೆ ಬಿಳಿ ನಿಲ್ಲುವುದಿಲ್ಲ, ಗುಲಾಬಿಯಾಗುತ್ತದೆ. ಹಾಗಾಗಿ ಬಿಳಿಯನ್ನು ಹಚ್ಚುವುದಲ್ಲ, ಉಳಿಸಿಕೊಳ್ಳುವುದು. ದಪ್ಪ ವಿನ್ಯಾಸಗಳ ಸುತ್ತ ಕೆಂಪನ್ನು ಹಚ್ಚುತ್ತ ಒಳಗಿನ ಕಾಗದವನ್ನು ಹಾಗೆಯೇ ಬಿಡಿ. ಸಣ್ಣ ಎಳೆಗಳಿಗೆ, ಹಾಗೂ ರವಿಕೆಯ ಮೇಲೆ ಕಸೂತಿ ಇದ್ದರೆ ಅದಕ್ಕೆ, ಬೇರೆ ಉಪಾಯವಿದೆ. ಶಾಯಿ ಮುಗಿದ ಬಾಲ್ ಪೆನ್ನಿನಿಂದ, ಟ್ರೇಸಿಂಗ್ ಕಾಗದವನ್ನು ಮೇಲಿಟ್ಟು, ವಿನ್ಯಾಸವನ್ನು ಒತ್ತಿ ಬರೆಯಿರಿ. ಕಾಗದದಲ್ಲಿ ಸಣ್ಣ ಕಾಲುವೆಗಳು ಮೂಡುತ್ತವೆ. ಆಮೇಲೆ ಪೆನ್ಸಿಲನ್ನು ಓರೆಯಾಗಿ ಹಿಡಿದು ಬಣ್ಣ ಹಾಯಿಸಿದರೆ ಅದು ಕಾಲುವೆಗೆ ಇಳಿಯದೆ ಬಿಳಿ ಗೆರೆ ಎದ್ದು ಬರುತ್ತದೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿಯನ್ನು ಇದಕ್ಕೆ ಆರಿಸಿಕೊಳ್ಳಿ. ಎಳೆ ಎಣಿಸಿ ಹಾಕುವ ಆ ಹೊಲಿಗೆ ನೇರ ಗೆರೆಗಳಲ್ಲೇ ಸಾಗುವುದರಿಂದ ಪೆನ್ನಿಗೂ ಸುಲಭ. ಗೋಪುರವನ್ನೋ ತುಳಸಿಕಟ್ಟೆಯನ್ನೋ ಬರೆಯುವಾಗ ಒಂದೇ ಎಳೆತದ ಗೆರೆ ಬೇಡ. ಒಂದು ಹೊಲಿಗೆಯುದ್ದ ಒತ್ತಿ, ಕೂದಲೆಳೆಯಷ್ಟು ಬಿಟ್ಟು, ಮತ್ತೆ ಒತ್ತಿ. ಬಟ್ಟೆ ಮಡಿಕೆಯಲ್ಲಿ ತಿರುಗಿದಲ್ಲಿ ವಿನ್ಯಾಸವೂ ತಿರುಗಬೇಕು, ಇಲ್ಲವಾದರೆ ಅದು ಸೀರೆಯ ಮೇಲಲ್ಲ, ಗಾಜಿನ ಮೇಲೆ ಅಂಟಿಸಿದಂತೆ ಕಾಣುತ್ತದೆ.

ಮೈಬಣ್ಣ

ಚಿಕ್ಕಂದಿನಲ್ಲಿ ನಾವೆಲ್ಲ ‘ಸ್ಕಿನ್ ಕಲರ್’ ಎಂದು ಕರೆಯುತ್ತಿದ್ದ ಆ ತಿಳಿಗುಲಾಬಿ ಪೆನ್ಸಿಲನ್ನು ಪಕ್ಕಕ್ಕಿಡಿ. ಕೆಳತುಟಿಯ ಹೊಳಪಿಗೆ ಬೇಕಾದೀತು. ಕಂದು ಮುಖವನ್ನು ನೆರಳಿನಿಂದ ಶುರು ಮಾಡುವುದು ಒಳ್ಳೆಯದು. ಕಣ್ಣಿನ ಗುಳಿ, ಮೂಗಿನ ಬದಿ, ತುಟಿಯ ಕೆಳಗು, ಗಲ್ಲದಡಿ ಇವುಗಳಿಗೆ ಇಂಡಿಗೊ ಮತ್ತು ನೇರಳೆಯ ತೆಳು ಪದರ ಕೊಡಿ. ಇದರ ಮೇಲೆ, ಹೊಳಪಿನ ಜಾಗಗಳನ್ನು ಬಿಟ್ಟು, ಇಡೀ ಮುಖಕ್ಕೆ ಹಳದಿ ಕಾವಿ. ಅದರ ಮೇಲೆ ಕೆಂಗಾವಿ. ಕೆನ್ನೆ, ಮೂಗಿನ ತುದಿ, ಕಿವಿಗಳಿಗೆ ಕಡುಗೆಂಪಿನ ಒಂದು ಸ್ಪರ್ಶ. ಕಣ್ಣಿನ ಕೆಳಗೆ ಮತ್ತು ಬಾಯಿಯ ಸುತ್ತ ಆಲಿವ್. ಮೊನೆ ಸದಾ ಚೂಪಾಗಿರಲಿ, ಕೈಭಾರ ಪೆನ್ಸಿಲಿನ ತೂಕಕ್ಕಿಂತ ಹೆಚ್ಚಿರದಿರಲಿ, ಪ್ರತಿ ಪದರದ ದಿಕ್ಕೂ ಹಿಂದಿನದಕ್ಕಿಂತ ಬೇರೆಯಿರಲಿ. ಐದಾರು ಪದರಗಳವರೆಗೆ ಮುಖ ಚುಕ್ಕೆಚುಕ್ಕೆಯಾಗಿ, ಕಾಯಿಲೆ ಬಿದ್ದಂತೆ ಕಾಣುತ್ತದೆ. ಆಗ ಒತ್ತಿ ಹಚ್ಚುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಒತ್ತಿದರೆ ಕಾಗದದ ತರಿ ಮುಚ್ಚಿಹೋಗಿ ಮುಂದಿನ ಬಣ್ಣ ಜಾರುತ್ತದೆ.

ಎರಡು ನೆಲೆಗಳನ್ನು ಮುಖದೊಳಗೇ ತರುವ ಅವಕಾಶವೂ ಇಲ್ಲಿದೆ. ಕೊಡಗಿನ ಮಳೆಗಾಲದ ಬೆಳಕು ಮೋಡದಿಂದ ಸೋಸಿ ಬರುತ್ತದೆ, ನೆರಳಿನ ಅಂಚು ಕರಗಿರುತ್ತದೆ, ಹಣೆಯ ಹೊಳಪು ನೀಲಿಗೆ ತಿರುಗಿರುತ್ತದೆ. ಇಳಕಲ್ಲಿನ ಕಡೆಯ ಬಿಸಿಲಿನಲ್ಲಿ ನೆಲಕ್ಕೆ ಬಡಿದ ಬೆಳಕು ಮೇಲೆದ್ದು ಗಲ್ಲದ ಅಡಿಯನ್ನು, ದವಡೆಯ ಅಂಚನ್ನು ಕೆಂಪಗೆ ಮಾಡುತ್ತದೆ. ಕಿಟಕಿಯ ಕಡೆಯ ಹಣೆ, ಕೆನ್ನೆಯ ಹೊಳಪಿಗೆ ತಿಳಿನೀಲಿಯನ್ನೂ ದವಡೆಯ ನೆರಳಿನೊಳಗೆ ಕಿತ್ತಳೆ ಮಿಶ್ರಿತ ಕೆಂಗಾವಿಯನ್ನೂ ಹಾಕಿದರೆ ಎರಡು ಊರಿನ ಹವೆಯೂ ಒಂದೇ ಕೆನ್ನೆಯಲ್ಲಿ ಇರುತ್ತದೆ. ಕೆಂಪು ಸೆರಗಿನ ಪ್ರತಿಫಲನವೂ ಅದಕ್ಕೆ ಸಮರ್ಥನೆ ಒದಗಿಸುತ್ತದೆ. ನೋಡುವವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ಪದರಗಳು ತುಂಬಿದ ಮೇಲೆ ಕೆನೆಬಣ್ಣದಿಂದ ಹೊಳಪಿನ ಕಡೆ, ಕೆಂಗಾವಿಯಿಂದ ನೆರಳಿನ ಕಡೆ ಬಿಗಿಯಾಗಿ ಉಜ್ಜಿ ನಯ ಮಾಡಿ. ಇದು ಕೊನೆಯ ಕೆಲಸ. ಇದರ ಮೇಲೆ ಹೆಚ್ಚೇನೂ ಕೂರುವುದಿಲ್ಲ.

ಕೂದಲು, ಒಡವೆ, ಹಿನ್ನೆಲೆ

ಕೂದಲಿಗೆ ಕಪ್ಪನ್ನು ನೇರವಾಗಿ ಹಚ್ಚಬೇಡಿ. ಇಂಡಿಗೊ, ಗಾಢ ಕಂದು, ಕಡುಗೆಂಪು ಸೇರಿ ಆಗುವ ಕಪ್ಪಿಗೆ ಜೀವವಿರುತ್ತದೆ. ಕೊಕ್ಕೆತಾತಿಯಂಥ ಚಂದ್ರಾಕಾರದ ಪದಕಕ್ಕಾಗಲಿ ಜೋಮಾಲೆಯ ಗುಂಡುಗಳಿಗಾಗಲಿ ‘ಚಿನ್ನದ ಬಣ್ಣ’ದ ಪೆನ್ಸಿಲು ಬೇಡ. ಚಿನ್ನವೆಂದರೆ ಗಾಢ ಕಂದಿನ ಪಕ್ಕದಲ್ಲೇ ನಿಂಬೆಹಳದಿ, ಅದರ ಪಕ್ಕದಲ್ಲೇ ಖಾಲಿ ಕಾಗದ. ಪ್ರತಿ ಗುಂಡಿನ ಕೆಳಭಾಗದಲ್ಲಿ ಸೀರೆಯ ಕೆಂಪು ಚೂರು ಕಾಣಲಿ.

ಹಿನ್ನೆಲೆಯಲ್ಲಿ ಒಂದು ಕಡೆ ಕಾಫಿ ತೋಟ, ಇನ್ನೊಂದು ಕಡೆ ಜೋಳದ ಹೊಲ ಇಡುವ ಆಸೆ ಬರುತ್ತದೆ. ಸೀರೆ ಮಾಡಿದ ಕೆಲಸವನ್ನೇ ಅವು ಮತ್ತೊಮ್ಮೆ ಗಟ್ಟಿ ದನಿಯಲ್ಲಿ ಹೇಳುತ್ತವೆ, ಅಷ್ಟೇ. ಗೋಡೆಯೊಂದರ ಬೂದುಹಸಿರು ಸಾಕು; ಕೆಂಪಿಗೆ ಅದು ಒಳ್ಳೆಯ ಎದುರುಬಣ್ಣ.

ಮುಗಿದ ಮೇಲೆ

ಮೇಣದ ಪೆನ್ಸಿಲಾದರೆ ಒಂದು ವಾರ ಬಿಟ್ಟು, ಬಿಳಿ ಮಸುಕು ಎದ್ದಿದ್ದರೆ ಮೆತ್ತನೆಯ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ಜಾಗದಲ್ಲಿ ಫಿಕ್ಸೆಟಿವನ್ನು (ಬಣ್ಣವನ್ನು ಕಾಗದಕ್ಕೆ ಹಿಡಿದಿಡುವ ದ್ರವ) ತೆಳುವಾಗಿ ಸಿಂಪಡಿಸಿ. ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಇರಿಸಲು ಹೇಳಿ, ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಹಿಂಬದಿಯಲ್ಲಿ ಇಸವಿಯನ್ನೂ ಮೈಬಣ್ಣಕ್ಕೆ ಬಳಸಿದ ಪೆನ್ಸಿಲುಗಳ ಸಂಖ್ಯೆಗಳನ್ನು ಹಚ್ಚಿದ ಕ್ರಮದಲ್ಲೇ ಬರೆದಿಟ್ಟುಕೊಂಡರೆ, ಮುಂದೆ ತಂಗಿಯದೋ ತಾಯಿಯದೋ ಮುಖ ಬರೆಯಲು ಕೂತಾಗ ಅಲ್ಲಿಂದಲೇ ಶುರು ಮಾಡಬಹುದು.