ಕೊಪ್ಪಳದಲ್ಲಿ ಸಾಹಿತ್ಯ–ಜಾನಪದ ಹಬ್ಬವನ್ನು ನಡೆಸುವ ಬಗೆ

ಮೊದಲು ಒಕ್ಕಲುತನದ ಬಿಡುವು ನೋಡಿ ದಿನ ಗೊತ್ತುಮಾಡಬೇಕು. ಸುಗ್ಗಿಯ ನಡುವೆ ಕರೆದರೆ ಕಲಾವಿದರೂ ಕೇಳುಗರೂ ಬರಲಾರರು. ಉದ್ಘಾಟನೆ, ಸನ್ಮಾನಗಳು ಅರ್ಧ ಗಂಟೆಯಲ್ಲಿ ಮುಗಿಯಲಿ.

ಕವಿರಾಜಮಾರ್ಗವು ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ, ನಾಡಿನ ಎಲ್ಲೆಗಳಲ್ಲಿ ಹೆಸರಿಸಿದ ಕೋಪಣನಗರವೇ ಇಂದಿನ ಕೊಪ್ಪಳವೆಂಬುದನ್ನು, ಮಕ್ಕಳನ್ನು ಗವಿಮಠದ ಅಶೋಕ ಶಾಸನದ ಬಳಿಗೇ ಕರೆದೊಯ್ದು, ಬಂಡೆಯ ಮೇಲಿನ ಅಕ್ಷರಗಳನ್ನು ತೋರಿಸುತ್ತ ಹೇಳಿದರೆ ಅದು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಮನಸ್ಸಿಗೆ ನಾಟುತ್ತದೆ.

ಮರದ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರನ್ನು ವೇದಿಕೆಗೆ ಹತ್ತಿಸಬೇಡಿ. ಹುಣಸೆಬೀಜದ ಅಂಟಿನಲ್ಲಿ ಮರದ ಹೊಟ್ಟನ್ನು ಕಲಸಿ, ಗೊಂಬೆಯ ಕೈಕಾಲುಗಳ ಸಂದುಗಳನ್ನು ಬೆರಳಿನಿಂದ ಒತ್ತಿ ಮುಚ್ಚುವ ಅವರ ಕೆಲಸವನ್ನು ಮಕ್ಕಳು ಚಾಪೆಯ ಮೇಲೆ ಸುತ್ತ ಕುಳಿತು ನೋಡಬೇಕು. ನನ್ನ ಮಟ್ಟಿಗೆ ಹಬ್ಬದ ಜೀವ ಅಲ್ಲಿಯೇ ಇದೆ.

ರಾತ್ರಿ ಬಯಲಾಟ ಇಟ್ಟುಕೊಂಡರೆ ಬೆಳಗಿನವರೆಗೆ ಅವಕಾಶ ಕೊಡಿ. ಹಾಡುಗಳನ್ನು ಧ್ವನಿಮುದ್ರಿಸುವ ಮುನ್ನ ಹಾಡುವವರ ಒಪ್ಪಿಗೆ ಪಡೆಯಿರಿ, ಸಂಭಾವನೆಯನ್ನು ಅಂದೇ ಕೈಗೆ ಕೊಡಿ.