ಲೈವ್‌ಗೆ ನಿಲ್ಲುವ ಮುನ್ನ ನಾನು ಹಾಕಿಕೊಳ್ಳುವ ಲೆಕ್ಕ

ಟಿವಿ ವಾಹಿನಿಯೊಂದಕ್ಕೆ ವಿಧಾನಸೌಧದಿಂದ ರಾಜಕೀಯ ವರದಿ ಮಾಡುವ ಕೆಲಸದಲ್ಲಿ ನಾಯಕರ ಸ್ನೇಹಕ್ಕಿಂತ ನನ್ನ ಕೈಹಿಡಿದದ್ದು ಸದನದ ನಿಯಮಾವಳಿ ಮತ್ತು ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧದ ನಿಯಮಗಳು. ಬೈಟ್, ಅಂದರೆ ನಾಯಕರು ಕ್ಯಾಮೆರಾ ಮುಂದೆ ಆಡುವ ನಾಲ್ಕು ಮಾತು, ಎಲ್ಲ ವಾಹಿನಿಗಳಿಗೂ ಒಂದೇ ಹೊತ್ತಿಗೆ ಸಿಗುತ್ತದೆ. ಮೈಕ್ ಚಾಚುವ ಆ ನೂಕುನುಗ್ಗಲಿನಲ್ಲಿ ಯಾರಿಗಾದರೂ ವಿಶೇಷ ಸುದ್ದಿ ದಕ್ಕಿದ್ದನ್ನು ನಾನಂತೂ ಕಂಡಿಲ್ಲ. ನಮ್ಮ ನಿಜವಾದ ಕೆಲಸ ಶುರುವಾಗುವುದು 'ಹಾಗಾದರೆ ಮುಂದೇನಾಗಬಹುದು?' ಎಂದು ಆ್ಯಂಕರ್ ಕೇಳಿದಾಗ.

2018ರ ಮೇ ತಿಂಗಳಲ್ಲಿ 222 ಕ್ಷೇತ್ರಗಳ ಫಲಿತಾಂಶ ಬಂದು, 104 ಸ್ಥಾನ ಗೆದ್ದ ಬಿಜೆಪಿಯ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ಮರುದಿನವೇ, ಬಹುಮತ ಸಾಬೀತಿಗೆ ರಾಜ್ಯಪಾಲರು ಕೊಟ್ಟಿದ್ದ 15 ದಿನಗಳನ್ನು ಸುಪ್ರೀಂ ಕೋರ್ಟ್ ಮೇ 19ರ ಸಂಜೆ ನಾಲ್ಕಕ್ಕೆ ಇಳಿಸಿತು. ಆ ರಾತ್ರಿ ನೋಟ್‌ಬುಕ್‌ನಲ್ಲಿ ಬರೆದುಕೊಂಡ ಮೊದಲ ಸಾಲು ಜೆಡಿಎಸ್‌ನ ಕುಮಾರಸ್ವಾಮಿಯವರದು: ರಾಮನಗರ, ಚನ್ನಪಟ್ಟಣ ಎರಡೂ ಕಡೆ ಗೆದ್ದಿದ್ದರೂ ಸದನದಲ್ಲಿ ಅವರ ಮತ ಒಂದೇ, ಹಾಗಾಗಿ ಒಟ್ಟು 221, ಬಹುಮತಕ್ಕೆ 111. ಅದರ ಕೆಳಗೆ, ಎಷ್ಟು ಮಂದಿ ಗೈರಾದರೆ ಆ ಸಂಖ್ಯೆ ಎಲ್ಲಿಗೆ ಇಳಿಯುತ್ತದೆ ಎಂಬ ಪಟ್ಟಿ. ಕೊನೆಯಲ್ಲಿ, ಯಡಿಯೂರಪ್ಪನವರು ಮತಕ್ಕೆ ಹಾಕದೆಯೇ ರಾಜೀನಾಮೆ ಕೊಟ್ಟರೆ ರಾಜಭವನದ ಮುಂದಿರುವ ದಾರಿಗಳು. ಅವರು ಹಾಗೆಯೇ ರಾಜೀನಾಮೆ ಕೊಟ್ಟರು, ಉಪಯೋಗಕ್ಕೆ ಬಂದದ್ದು ಆ ಕೊನೆಯ ಸಾಲೇ.

ಆಮೇಲೆ ಕುಮಾರಸ್ವಾಮಿಯವರ ನೇತೃತ್ವದಲ್ಲಿ ಕಾಂಗ್ರೆಸ್–ಜೆಡಿಎಸ್ ಸರ್ಕಾರ ಬಂತು. ಮರುವರ್ಷ ಆ ಮೈತ್ರಿಕೂಟದ ಶಾಸಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟಾಗ ಪತ್ರ ಸಲ್ಲಿಕೆ, ಅದರ ಅಂಗೀಕಾರ, ಅನರ್ಹತೆ ಈ ಮೂರನ್ನೂ ಬೇರೆಬೇರೆಯಾಗಿ ಬಿಡಿಸಿ ಹೇಳುವುದೇ ದಿನವಿಡೀ ಕೆಲಸವಾಯಿತು. ಪತ್ರ ಕೊಟ್ಟ ಕೂಡಲೇ ಸದನದ ಬಲ ಕುಗ್ಗಿತೆಂದು ಸ್ಕ್ರೋಲ್ ಓಡಿಸುವ ಆತುರ ಡೆಸ್ಕ್‌ಗಿರುತ್ತದೆ. ಸ್ಪೀಕರ್ ಅಂಗೀಕರಿಸುವವರೆಗೆ ಅವರು ಶಾಸಕರೇ ಎಂದು ಫೋನಿನಲ್ಲಿ ವಾದಿಸಬೇಕಾದವನು ವರದಿಗಾರ. ಜುಲೈ 23ರಂದು ಕುಮಾರಸ್ವಾಮಿಯವರ ವಿಶ್ವಾಸಮತಕ್ಕೆ 99–105ರಲ್ಲಿ ಸೋಲಾಯಿತು.

2019ರ ಅಕ್ಟೋಬರ್ ಅಧಿವೇಶನದಲ್ಲಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ವಿಧಾನಸಭೆಯಿಂದ ಹೊರಗಿಟ್ಟರು. ಅದು ಒಳ್ಳೆಯ ತೀರ್ಮಾನವೆಂದು ನನಗೆ ಇಂದಿಗೂ ಅನ್ನಿಸಿಲ್ಲ. ನಮ್ಮ ಕ್ಯಾಮೆರಾಗಳ ಬದಲು ಅಧಿಕೃತವಾಗಿ ಒದಗಿಸಿದ ದೃಶ್ಯಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮಾತನಾಡುತ್ತಿರುವ ಸದಸ್ಯರು. ಯಾರ ಆಸನದ ಬಳಿಗೆ ಯಾರು ಎದ್ದು ಹೋದರು, ಚೀಟಿ ಯಾವ ಸಾಲಿನಿಂದ ಯಾವ ಸಾಲಿಗೆ ದಾಟಿತು ಎಂಬುದು ಪತ್ರಕರ್ತರ ಗ್ಯಾಲರಿಯಲ್ಲಿ ಕೂತವರಿಗಷ್ಟೇ ಗೊತ್ತು. ಹೀಗಾಗಿ ಮಹತ್ವದ ಚರ್ಚೆಯಿರುವ ದಿನ ನಾನು ಹೊರಗೆ ಲೈವ್‌ಗೆ ಇನ್ನೊಬ್ಬರನ್ನು ನಿಲ್ಲಿಸಿ, ಕಲಾಪ ಮುಂದೂಡುವವರೆಗೂ ಗ್ಯಾಲರಿಯಲ್ಲೇ ಇರುತ್ತೇನೆ.